ತಾಂಪೆರೆಯ ಸೌನಾ, ನನ್ನ ಶನಿವಾರದ ಸಂಜೆ

ಫಿನ್‌ಲ್ಯಾಂಡಿನ ಜನಸಂಖ್ಯೆ ಸುಮಾರು 55 ಲಕ್ಷ. ಸೌನಾಗಳು, ಅಂದರೆ ಕಾದ ಕಲ್ಲುಗಳ ಬಿಸಿಯಲ್ಲಿ ಕೂತು ಬೆವರುವ ಕೋಣೆಗಳು, 30 ಲಕ್ಷಕ್ಕೂ ಹೆಚ್ಚು. ತಾಂಪೆರೆಯಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲೂ ಒಂದಿದೆ. ಬಾಡಿಗೆದಾರರು ವಾರಕ್ಕೊಂದು ಗಂಟೆ ಕಾಯ್ದಿರಿಸಿಕೊಳ್ಳಬಹುದು. ನಮ್ಮದು ಶನಿವಾರ ಸಂಜೆ.

ಮೊದಲು ಸೋಪು ಹಚ್ಚಿ ಮೈ ತೊಳೆದುಕೊಳ್ಳುತ್ತೇನೆ. ಅದು ಇಲ್ಲಿ ಎಲ್ಲರೂ ಪಾಲಿಸುವ ಶಿಸ್ತು. ಕೂರುವ ಹಲಗೆಯ ಮೇಲೆ ಸಣ್ಣ ಟವೆಲ್ ಹಾಸಬೇಕು. ಬೆತ್ತಲೆ ಕೂರುವುದೇ ವಾಡಿಕೆ, ಗಂಡಸರು ಹೆಂಗಸರು ಬೇರೆ ಬೇರೆ. ಸಂಕೋಚವಿದ್ದವರು ಟವೆಲ್ ಸುತ್ತಿಕೊಂಡರೆ ಯಾರೂ ತಪ್ಪೆಣಿಸುವುದಿಲ್ಲ.

ಒಳಗೆ 80 ಡಿಗ್ರಿ ಎಂದರೆ ಊರಿನವರು ಗಾಬರಿಯಾಗುತ್ತಾರೆ. ಆದರೆ ಗಾಳಿ ಒಣಗಿರುತ್ತದೆ, ಬೆವರು ಬೇಗ ಆರಿ ಮೈಯನ್ನು ತಂಪಾಗಿಡುತ್ತದೆ. ನಿಜವಾದ ಕಾವು ತಿಳಿಯುವುದು ಕಾದ ಕಲ್ಲುಗಳ ಮೇಲೆ ಒಂದು ಸೌಟು ನೀರು ಬಿದ್ದಾಗ. ಹಬೆ ಚುರ್ರೆಂದು ಚಾವಣಿಗೆ ಏರುತ್ತದೆ, ಅರೆಕ್ಷಣ ಏನೂ ಆಗಿಲ್ಲವೆನ್ನಿಸುತ್ತದೆ, ಆಮೇಲೆ ಕಿವಿಯ ತುದಿ, ಹೆಗಲು, ಬೆನ್ನು ಒಂದೊಂದಾಗಿ ಉರಿಯತೊಡಗುತ್ತವೆ. ಹಬೆ ಚರ್ಮದ ಮೇಲೆ ನೀರಾಗುವಾಗ ತನ್ನ ಶಾಖವನ್ನೆಲ್ಲ ಅಲ್ಲಿಯೇ ಬಿಟ್ಟುಕೊಡುವುದರಿಂದ ಹೀಗಾಗುತ್ತದೆ. ಈ ಹಬೆಯನ್ನೇ ಫಿನ್ನರು ಲೋಯ್ಲು ಎನ್ನುತ್ತಾರೆ. ಅವರಿಗೆ ಥರ್ಮಾಮೀಟರಿನ ಅಂಕಿಗಿಂತ ಇದರ ಹದವೇ ಮುಖ್ಯ, ನನಗೂ ಈಗ ಹಾಗೆಯೇ. ಇದೇ ಊರಿನ ಪಿಸ್ಪಾಲಾ ಬಡಾವಣೆಯ ರಾಯಪೋರ್ತಿ ಸೌನಾದಲ್ಲಿ ಈ ಹದವನ್ನು ಅನುಭವಿಸಲೇಬೇಕು. 1906ರಿಂದ ನಡೆಯುತ್ತಿರುವ ಅದು ಈಗಲೂ ಬಳಕೆಯಲ್ಲಿರುವ ಸಾರ್ವಜನಿಕ ಸೌನಾಗಳಲ್ಲಿ ದೇಶಕ್ಕೇ ಹಳೆಯದು. ಕಟ್ಟಿಗೆಯ ಒಲೆಯಲ್ಲಿ ನಿಧಾನವಾಗಿ ಕಾದ ಕಲ್ಲಿನ ಹಬೆ ಮೃದು, ಮೂಗು ಉರಿಯುವುದಿಲ್ಲ. ನೀರು ಹಾಕುವ ಮುನ್ನ ಪಕ್ಕದವರನ್ನು ಕೇಳುವುದು ಮರ್ಯಾದೆ.

ಹತ್ತು ಹನ್ನೆರಡು ನಿಮಿಷಕ್ಕೆ ಹೊರಬರುತ್ತೇನೆ, ಎದೆಬಡಿತ ಜೋರಾಯಿತೆನ್ನಿಸಿದರೆ ಇನ್ನೂ ಮೊದಲೇ. ಮೇಲಿನ ಹಲಗೆಯಿಂದ ದಡಕ್ಕನೆ ಏಳಬಾರದು. ರಕ್ತನಾಳಗಳು ಹಿಗ್ಗಿರುವಾಗ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಸ್ವಲ್ಪ ಕೂತು ಏಳಬೇಕು. ಹೊರಗೆ ತಣ್ಣನೆಯ ಗಾಳಿಯಲ್ಲಿ ಉಸಿರು ಹದಕ್ಕೆ ಬರುವವರೆಗೆ ಸುಮ್ಮನೆ ಕೂರುವುದು, ಮತ್ತೆ ಒಳಗೆ. ಎಷ್ಟು ಹೊತ್ತು ತಡೆದುಕೊಂಡೆ ಎನ್ನುವ ಪಂತ ನನಗೆ ಸ್ವಲ್ಪವೂ ಇಷ್ಟವಿಲ್ಲ. ಹೈನೋಲಾದಲ್ಲಿ ನಡೆಯುತ್ತಿದ್ದ ಅಂಥ ವಿಶ್ವ ಸ್ಪರ್ಧೆ 2010ರಲ್ಲಿ ಒಬ್ಬರ ಜೀವ ತೆಗೆದುಕೊಂಡು ನಿಂತುಹೋಯಿತು.

ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಬಿಗಿದ ಕತ್ತು ಸಡಿಲವಾಗುತ್ತದೆ, ಆ ರಾತ್ರಿ ನಿದ್ದೆ ಗಾಢ. ಇದು ನನಗೆ ಸಿಕ್ಕ ಲಾಭ. ಕುವೋಪಿಯೋ ಭಾಗದ 2,315 ನಡುವಯಸ್ಸಿನ ಗಂಡಸರನ್ನು ಸುಮಾರು 20 ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ 4ರಿಂದ 7 ಸಲ ಸೌನಾಕ್ಕೆ ಹೋಗುವವರಲ್ಲಿ ಹೃದಯದ ಕಾರಣದ ಹಠಾತ್ ಸಾವು ಒಂದೇ ಸಲ ಹೋಗುವವರಿಗಿಂತ ಕಡಿಮೆ ಕಂಡುಬಂತು. ಆರೋಗ್ಯವಂತರೇ ಹೆಚ್ಚು ಸಲ ಹೋಗುತ್ತಿದ್ದಿರಲೂಬಹುದು. ಹಾಗಾಗಿ ಸೌನಾವನ್ನು ಔಷಧಿಯೆಂದು ನಾನು ಹೇಳಲಾರೆ. ಬೆವರಿನೊಂದಿಗೆ ವಿಷವೆಲ್ಲ ಹೋಗುತ್ತದೆ ಎನ್ನುವ ಮಾತನ್ನಂತೂ ಒಪ್ಪುವುದಿಲ್ಲ. ಆ ಕೆಲಸ ಯಕೃತ್ತು, ಮೂತ್ರಪಿಂಡಗಳದು. ಇಳಿದ ತೂಕವೂ ಬರೀ ನೀರು.

ಇತ್ತೀಚೆಗೆ ಹೃದಯಾಘಾತವಾದವರು, ವಿಶ್ರಾಂತಿಯಲ್ಲಿದ್ದಾಗಲೂ ಎದೆನೋವು ಬರುವವರು ದೂರವಿರಬೇಕು. ಬಿಪಿ ಮಾತ್ರೆ ನುಂಗುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಹೋಗಬೇಕು. ಮದ್ಯ ಕುಡಿದು ಹೋಗುವುದು ಯಾರಿಗೂ ಸಲ್ಲದು. ಮುಗಿದ ಮೇಲೆ ಇಲ್ಲಿನವರು ಸಾಸೇಜ್ ಸುಟ್ಟು ತಿನ್ನುತ್ತಾರೆ. ನಾನು ಅಂಗಡಿಯಲ್ಲಿ ಸಿಗುವ ಪೀಮಾ ಎಂಬ ಹುಳಿಹಾಲಿಗೆ ನೀರು, ಉಪ್ಪು, ಜಜ್ಜಿದ ಶುಂಠಿ ಬೆರೆಸಿ ಮಜ್ಜಿಗೆ ಮಾಡಿಟ್ಟಿರುತ್ತೇನೆ. ಎರಡು ಲೋಟ ಕುಡಿದ ಮೇಲೆಯೇ ಊಟಕ್ಕೆ ಏಳುವುದು.