ಕತ್ತರಿಗಿಂತ ಮೊದಲು ಕಣ್ಣು

ನಮ್ಮ ವಿಜಯಪುರದ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ. ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಇನ್ನೊಂದು. ಬೆಳೆ ಮಾತ್ರ ಒಂದೇ. ಬಳ್ಳಿ ನಿದ್ದೆ ಹೋಗುವಷ್ಟು ಚಳಿ ಇಲ್ಲಿ ಬೀಳುವುದಿಲ್ಲ. ಸುಮ್ನೆ ಬಿಟ್ಟರೆ ಅದು ಚಿಗುರುತ್ತಲೇ ಇರುತ್ತದೆ. ಕಾಲ ಯಾವುದು ಅಂತ ಕತ್ತರಿ ಹಿಡಿದು ನಾವೇ ತೋರಿಸಬೇಕು.

ನಾನು ಚಾಟ್ನಿ ಕಲಿತದ್ದು ತಿಕೋಟಾ ಹತ್ತಿರ, ಬೇರೆಯವರ ಪಡದಲ್ಲಿ, ಅಂದರೆ ದ್ರಾಕ್ಷಿ ತೋಟದಲ್ಲಿ. ಎರಡು ವರ್ಷ ಕೂಲಿ ಗುಂಪಿನ ಜೊತೆ ಹೋದೆ. ಏಪ್ರಿಲ್ ಚಾಟ್ನಿ ಕೈಗೆ ಬೇಗ ಹತ್ತಿತು. ಹಣ್ಣು ಕೊಟ್ಟ ಹಳೆ ಕಡ್ಡಿಯನ್ನು ಒಂದೋ ಎರಡೋ ಕಣ್ಣು (ಚಿಗುರು ಒಡೆಯುವ ಮೊಗ್ಗು) ಬಿಟ್ಟು ಕತ್ತರಿಸುವುದು, ಅಷ್ಟೇ. ಕಣ್ಣಿಗೆ ತೀರಾ ಅಂಟಿಸಿ ಕತ್ತರಿಸಬಾರದು, ಗಾಯ ಒಣಗುವಾಗ ಕಣ್ಣೂ ಒಣಗುತ್ತದೆ. ಅರ್ಧ ಇಂಚು ಬಿಡಬೇಕು.

ಅಕ್ಟೋಬರ್ ಚಾಟ್ನಿ ಹಾಗಲ್ಲ. ನನ್ನದೇ ಒಂದು ಎಕರೆ ಥಾಮ್ಸನ್ ತಳಿಯ ದ್ರಾಕ್ಷಿ ಇಟ್ಟ ಮೇಲೆ ಮೊದಲ ಸಲ ಎಲ್ಲಾ ಕಡ್ಡಿಯನ್ನೂ ಎಣಿಸಿ ಆರನೇ ಕಣ್ಣಿನ ಮೇಲೆ ಕತ್ತರಿಸಿದೆ. ಸಾಲು ನೋಡಲು ಎಷ್ಟು ಚಂದ ಇತ್ತು! ಇಪ್ಪತ್ತು ದಿನ ಕಳೆದ ಮೇಲೆ ನೋಡಿದರೆ, ಎಷ್ಟೋ ಬಳ್ಳಿಗಳಲ್ಲಿ ಬರೀ ಎಲೆ. ಗೊಂಚಲು ಇರಬೇಕಾದ ಜಾಗದಲ್ಲಿ ತಂತಿ ಹಿಡಿಯುವ ಕುಡಿ. ಆ ರಾತ್ರಿ ಊಟ ಸೇರಲಿಲ್ಲ.

ನನಗೆ ಕಲಿಸಿದ ಹಿರಿಯರು ಬಂದು ಚಪ್ಪರ ನೋಡಿದರು. ತಪ್ಪು ಅಕ್ಟೋಬರ್‌ದಲ್ಲ, ಜೂನ್‌ದು ಅಂದರು. ಏಪ್ರಿಲ್ ಚಾಟ್ನಿ ಆಗಿ ನಲವತ್ತರಿಂದ ಎಪ್ಪತ್ತು ದಿನದೊಳಗೆ ಹೊಸ ಕಡ್ಡಿಯ ಕಣ್ಣಿನೊಳಗೆ ಗೊಂಚಲು ಕಟ್ಟುತ್ತದೆ. ಆಗ ಬಿಸಿಲು ಬೇಕೇ ಬೇಕು. ನೆರಳಾದರೆ ಗೊಂಚಲಾಗಬೇಕಾದದ್ದು ಕುಡಿಯಾಗಿಬಿಡುತ್ತದೆ. ನಾನು ಬಂದ ಚಿಗುರನ್ನೆಲ್ಲಾ ಆಸೆಯಿಂದ ಬಿಟ್ಟಿದ್ದೆ. ಒಂದರ ಮೇಲೊಂದು ಬಿದ್ದು ಚಪ್ಪರ ಕತ್ತಲಾಗಿತ್ತು.

ಮುಂದಿನ ವರ್ಷ ಚಿಗುರು ಚಿಕ್ಕದಿದ್ದಾಗಲೇ ಹೆಚ್ಚಾದದ್ದನ್ನು ತೆಗೆದೆ. ಉಳಿದವು ಏಳು ಎಲೆ ದಾಟಿದಾಗ ತುದಿ ಚಿವುಟಿದೆ. ತುದಿಯ ಪಕ್ಕದಿಂದ ಬಂದ ಒಂದು ಕವಲನ್ನು ಮಾತ್ರ ಬೆಳೆಸಿದೆ, ಅದೇ ಸಬ್‌ಕೇನ್. ಅದು ಹುಟ್ಟುವ ಗಂಟಿನ ಅಕ್ಕಪಕ್ಕ ಫಲದ ಕಣ್ಣು ಜಾಸ್ತಿ. ಅಕ್ಟೋಬರ್‌ನಲ್ಲಿ ಆ ಗಂಟಿನ ಮೇಲೆ ಒಂದು ಕಣ್ಣು ಬಿಟ್ಟು ಕತ್ತರಿಸಿದೆ. ಅದಕ್ಕೂ ಮೊದಲು ಹತ್ತಾರು ಕಡ್ಡಿಯನ್ನು ಲ್ಯಾಬ್‌ಗೆ ಒಯ್ದು ಸೂಕ್ಷ್ಮದರ್ಶಕದಲ್ಲಿ ಕಣ್ಣು ಸೀಳಿ ನೋಡಿಸಿದೆ. ಪುಟಾಣಿ ಗೊಂಚಲಿನ ಆಕಾರ ಅಲ್ಲೇ ಕಾಣುತ್ತದೆ! ಹೊಸದಾಗಿ ಕಲಿಯುವವರು ಒಮ್ಮೆಯಾದರೂ ಇದನ್ನು ನೋಡಬೇಕು. ಆಮೇಲೆ ಕತ್ತರಿ ಹಿಡಿಯುವ ಕೈಯೇ ಬೇರೆಯಾಗುತ್ತದೆ.

ಇನ್ನೊಂದು ಮಾತು. ಕತ್ತರಿಸಿದ ಎರಡು ದಿನದೊಳಗೆ ಕಣ್ಣುಗಳು ಒಟ್ಟಿಗೆ ಒಡೆಯಲಿ ಅಂತ ಹೈಡ್ರೋಜನ್ ಸಯನಮೈಡ್ ಹಚ್ಚುತ್ತೇವೆ. ಅದು ವಿಷ. ಕೈಗವಸು ಇಲ್ಲದೆ ಯಾರಿಗೂ ಹಚ್ಚಲು ಕೊಡಬೇಡಿ. ಹಚ್ಚುವವರು ಹಿಂದೆ ಮುಂದೆ ಕೆಲವು ದಿನ ಹೆಂಡ ಮುಟ್ಟಲೇಬಾರದು, ಜೀವಕ್ಕೇ ಅಪಾಯ.

ಈಗಲೂ ಜೂನ್‌ನಲ್ಲಿ ಮಧ್ಯಾಹ್ನ ಊಟಕ್ಕೆ ಮೊದಲು ಚಪ್ಪರದ ಕೆಳಗೆ ಒಂದು ಸುತ್ತು ಹಾಕುತ್ತೇನೆ. ನೆಲದ ಮೇಲೆ ಬಿಸಿಲಿನ ಚುಕ್ಕೆ ಕಾಣದ ಕಡೆ ನಿಂತು, ಮೇಲೆ ನೋಡಿ, ಒಂದೆರಡು ಕಡ್ಡಿ ತೆಗೆಯುತ್ತೇನೆ.