ಅರ್ಧಕ್ಕೆ ನಿಂತ ಡಿಡಿ

ಅಪ್ಪನ ಹಳೆ ಲ್ಯಾಪ್‌ಟಾಪು. ಒಳಗೆ 500 ಜಿಬಿ ಹಾರ್ಡ್ ಡಿಸ್ಕು, ಅದರಲ್ಲಿ ಉಬುಂಟು. ಆನ್ ಮಾಡಿ ಕಾಫಿ ಕುಡಿದು ಬಂದರೂ ಲಾಗಿನ್ ಪರದೆ ಬಂದಿರುತ್ತಿರಲಿಲ್ಲ. ಇಡೀ ಡಿಸ್ಕನ್ನು ವೇಗದ ಎಸ್‌ಎಸ್‌ಡಿಗೆ ಕ್ಲೋನ್ (ಯಥಾವತ್ತು ನಕಲು) ಮಾಡಿ ಹಾಕಿಬಿಡೋಣ ಅಂತ ಒಂದು ಭಾನುವಾರ ಕೂತೆ.

ಡಿಸ್ಕನ್ನು ಇದ್ದ ಹಾಗೇ ನಕಲು ಮಾಡುವ ಡಿಡಿ (dd) ಕಮಾಂಡ್ ಇದೆಯಲ್ಲ, ಇನ್ನೇನು ಬೇಕು ಅಂದುಕೊಂಡೆ. ಲಿನಕ್ಸ್, ಫ್ರೀಬಿಎಸ್‌ಡಿ, ಮ್ಯಾಕ್, ಎಲ್ಲದರಲ್ಲೂ ಸಿಗುತ್ತದೆ. ಬ್ಲಾಕ್ ಗಾತ್ರ ಹೇಳದಿದ್ದರೆ ಒಂದು ಸಲಕ್ಕೆ 512 ಬೈಟ್, ಚಮಚದಲ್ಲಿ ಕೆರೆ ಖಾಲಿ ಮಾಡಿದ ಹಾಗೆ. 4 ಎಂಬಿ ಕೊಟ್ಟೆ. ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಇಮೇಜ್ ಫೈಲ್ (ಇಡೀ ಡಿಸ್ಕಿನ ನಕಲು ಇರುವ ಒಂದೇ ಫೈಲು) ಮಾಡಲು ಬಿಟ್ಟೆ. ನಲವತ್ತು ನಿಮಿಷ ಚೆನ್ನಾಗಿ ಓಡಿ, ಇನ್‌ಪುಟ್-ಔಟ್‌ಪುಟ್ ಎರರ್ ಅಂತ ಹೇಳಿ ಕೂತುಬಿಟ್ಟಿತು.

ಎರರ್ ಬಂದರೂ ಮುಂದೆ ಹೋಗು ಅನ್ನುವ ಆಪ್ಷನ್ ಡಿಡಿಗೆ ಇದೆ. ಬೆರಳು ಅಲ್ಲಿಗೇ ಹೋಗಿತ್ತು. ಆದರೆ ಅದರ ಜೊತೆ ಸಿಂಕ್ ಆಪ್ಷನ್ನೂ ಕೊಟ್ಟರೆ, ಒಂದೇ ಸೆಕ್ಟರ್ (ಡಿಸ್ಕಿನ ಪುಟ್ಟ ತುಂಡು) ಕೆಟ್ಟಿದ್ದರೂ ಆ ಇಡೀ 4 ಎಂಬಿ ಜಾಗಕ್ಕೆ ಸೊನ್ನೆ ತುಂಬಿಬಿಡಬಹುದು, ಅದು ಬೇಡ ಅನ್ನಿಸಿತು. ಮೊದಲೇ ಮಾಡಬೇಕಿದ್ದ ಕೆಲಸ ಆಗ ಮಾಡಿದೆ: ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್‌ಸಿಟಿಎಲ್ ಓಡಿಸಿ ನೋಡಿದೆ. ಪೆಂಡಿಂಗ್ ಸೆಕ್ಟರ್, ಅಂದರೆ ಓದಲು ತೊಂದರೆ ಕೊಡುತ್ತಿರುವ ಸೆಕ್ಟರ್, 24. ಡಿಸ್ಕು ಸಾಯುತ್ತಿದೆ.

ಸಾಯುತ್ತಿರುವ ಡಿಸ್ಕಿನಿಂದ ಆದಷ್ಟು ಉಳಿಸಿಕೊಳ್ಳಲು ಗ್ನೂ ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಮು. ಡೆಬಿಯನ್, ಉಬುಂಟುವಿನಲ್ಲಿ ಪ್ಯಾಕೇಜ್ ಹೆಸರು ಮಾತ್ರ ಜಿಡಿಡಿರೆಸ್ಕ್ಯೂ. ನಡುವೆ ಅಡಿಗೆರೆ ಇರುವ ಡಿಡಿ_ರೆಸ್ಕ್ಯೂ ಬೇರೆಯದೇ ಪ್ರೋಗ್ರಾಮು, ನಾನೂ ಒಮ್ಮೆ ಮೋಸ ಹೋಗಿದ್ದೆ. ಗ್ನೂ ಡಿಡಿರೆಸ್ಕ್ಯೂ ಮೊದಲ ಸುತ್ತಿನಲ್ಲಿ ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಳ್ಳುತ್ತದೆ. ಕೆಟ್ಟ ಜಾಗಕ್ಕೆ ಆಮೇಲೆ ವಾಪಸ್ ಬರುತ್ತದೆ. ಎಲ್ಲಿವರೆಗೆ ಆಯ್ತು ಅನ್ನುವುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಮಧ್ಯಾಹ್ನ ಕರೆಂಟ್ ಹೋಯ್ತು, ಎಕ್ಸ್‌ಟರ್ನಲ್ ಡಿಸ್ಕ್ ಕಳಚಿಕೊಂಡಿತು. ಕರೆಂಟ್ ಬಂದ ಮೇಲೆ ಅದೇ ಕಮಾಂಡ್ ಕೊಟ್ಟೆ, ಬಿಟ್ಟಲ್ಲಿಂದಲೇ ಶುರುವಾಯ್ತು. ಹಾಗೆ ಕೊಡುವ ಮೊದಲು, ಡಿಸ್ಕುಗಳ ಪಟ್ಟಿ ಕೊಡುವ ಎಲ್‌ಎಸ್‌ಬ್ಲಾಕ್‌ನಲ್ಲಿ ಸೀರಿಯಲ್ ನಂಬರ್ ನೋಡಿಕೊಂಡೆ ಅನ್ನಿ. ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಎಸ್‌ಡಿಬಿ, ಎಸ್‌ಡಿಸಿ ಅನ್ನುವ ಹೆಸರುಗಳು ಕಳಚಿ ಹಾಕಿದರೆ ಅದಲು ಬದಲಾಗಬಹುದು. ನಂಬರನ್ನು ಚೀಟಿಯಲ್ಲಿ ಬರೆದು ಡಿಸ್ಕಿಗೇ ಅಂಟಿಸುವುದು ನನ್ನ ಅಭ್ಯಾಸ.

ಇನ್ನೊಂದು ತಲೆನೋವು: ತಂದಿದ್ದ ಎಸ್‌ಎಸ್‌ಡಿ 480 ಜಿಬಿ. ಇಮೇಜ್ ಅದರಲ್ಲಿ ಹಿಡಿಯುವುದೇ ಇಲ್ಲ. ಡಿಸ್ಕ್ ಚೆನ್ನಾಗಿದ್ದರೆ ನಾನು ಕ್ಲೋನ್‌ಜಿಲ್ಲಾ ಅನ್ನುವ ಕ್ಲೋನ್ ಪ್ರೋಗ್ರಾಮು ಹಿಡಿಯುತ್ತೇನೆ, ಬಳಸಿದ ಬ್ಲಾಕ್‌ಗಳನ್ನಷ್ಟೇ ನಕಲು ಮಾಡುತ್ತದಲ್ಲ. ಆದರೆ ಅದಕ್ಕೂ ಚಿಕ್ಕ ಡಿಸ್ಕ್ ಕೊಟ್ಟರೆ ಸುಮ್ನೆ ಒಪ್ಪುವುದಿಲ್ಲ. ಕೊನೆಗೆ ಇಮೇಜಿನ ಮೇಲೆ ಫೈಲ್‌ಸಿಸ್ಟಮ್ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸಿ, ಅದನ್ನು ಮೌಂಟ್ ಮಾಡಿ (ಒಳಗಿನ ಫೈಲುಗಳು ಕಾಣುವ ಹಾಗೆ ತೆರೆದು), ಎಸ್‌ಎಸ್‌ಡಿಯಲ್ಲಿ ಹೊಸ ಪಾರ್ಟಿಷನ್ ಮಾಡಿ, ಫೈಲು ನಕಲಿಸುವ ಆರ್‌ಸಿಂಕ್‌ನಿಂದ ಫೈಲುಗಳನ್ನು ದಾಟಿಸಿದೆ. ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಬೇಕು ಅನ್ನುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹೊಸ ಯುಯುಐಡಿ (ಪಾರ್ಟಿಷನ್‌ನ ಗುರುತಿನ ಸಂಖ್ಯೆ) ಬರೆದು, ಲಿನಕ್ಸನ್ನು ಶುರು ಮಾಡಿಸುವ ಗ್ರಬ್ ಮತ್ತೆ ಹಾಕಿದೆ. ಕ್ಲೋನ್ ಮಾಡಲು ಹೊರಟವನು ಕ್ಲೋನ್ ಮಾಡಲೇ ಇಲ್ಲ, ಅಲ್ವಾ?

ಓದಲು ಬಾರದೆ ಉಳಿದದ್ದು 12 ಕೆಬಿ. ಯಾವ ಫೈಲಿನದು ಅಂತ, ಫೈಲ್‌ಸಿಸ್ಟಮ್ ಒಳಹೊಕ್ಕು ನೋಡುವ ಡೀಬಗ್‌ಎಫ್‌ಎಸ್ ಹಿಡಿದು ಹುಡುಕಿದೆ. ಅತ್ತೆ ಮಗನ ಮದುವೆ ವಿಡಿಯೋ. ಊಟದ ಪಂಕ್ತಿಯ ಹತ್ತಿರ, ಪಾಯಸ ಬಡಿಸುವಾಗ, ಒಂದು ಕ್ಷಣ ಚಿತ್ರ ಚೌಕ ಚೌಕ ಆಗುತ್ತದೆ.