ಮಲೆನಾಡಿನ ಮನೆಯಲ್ಲಿ ಮಾದರಿ ರೈಲು: ಕಂಟ್ರೋಲರ್‌ಗೂ ಮೊದಲು ಹಳಿ

ಮಾದರಿ ರೈಲು ನಡುನಡುವೆ ನಿಂತರೆ ನಾವು ಮೊದಲು ದೂರುವುದು ಹಳಿಗೆ ವಿದ್ಯುತ್ ಕೊಡುವ ಕಂಟ್ರೋಲರನ್ನು. ಶಿವಮೊಗ್ಗದ ಮಳೆಗಾಲಗಳನ್ನು ಕಂಡ ನನ್ನ ಅನುಭವದಲ್ಲಿ ತಪ್ಪು ಹೆಚ್ಚಾಗಿ ಹಳಿ ಕೂರಿಸಿದ ಹಲಗೆಯಲ್ಲೋ ಬೆಸುಗೆಯಲ್ಲೋ ಅಡಗಿರುತ್ತದೆ.

ಆರಿದ್ರಾ ಮಳೆ ಹಿಡಿಯಿತೆಂದರೆ ಸಾಧಾರಣ ಪ್ಲೈವುಡ್ ಉಬ್ಬಿ, ಹಳಿಯ ಸಂದುಗಳು ಮೇಲೇಳುತ್ತವೆ. ನೀರು ತಡೆಯುವ ದರ್ಜೆಯ ಪ್ಲೈವುಡ್ ಕೊಂಡು, ಅಂಚುಗಳಿಗೂ ಅಡಿಭಾಗಕ್ಕೂ ವಾರ್ನಿಷ್ ಬಳಿಯಬೇಕು. ಹೊರಗೋಡೆಗೆ ತಾಗದಂತೆ ಒಂದು ಗೇಣು ಬಿಟ್ಟು ಇಡಬೇಕು. ಹಳಿ ನಿಕಲ್ ಸಿಲ್ವರ್‌ನದಾಗಿರಲಿ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದು ತಾಮ್ರ, ನಿಕಲ್, ಸತುಗಳ ಮಿಶ್ರಲೋಹವಷ್ಟೆ. ಆದರೆ ಹಿತ್ತಾಳೆಯ ಹಳಿಯಂತೆ ಬೇಗನೆ ಕಿಲುಬು ಹಿಡಿದು ವಿದ್ಯುತ್ತನ್ನು ತಡೆಯುವುದಿಲ್ಲ.

ಹಳಿಗಳನ್ನು ಕೂಡಿಸುವ ಜಾಯಿನರ್‌ಗಳು ಹಳಿಯನ್ನು ನೇರವಾಗಿ ಹಿಡಿದಿಡುತ್ತವೆ, ವಿದ್ಯುತ್ ಸಾಗಿಸಲು ಅವನ್ನು ನಂಬಬಾರದು. ಹಲಗೆಯ ಕೆಳಗೆ ಮನೆಯ ವೈರಿಂಗ್‌ಗೆ ಬಳಸುವ 2.5 ಚದರ ಮಿ.ಮೀ.ನ ಎರಡು ವೈರ್‌ಗಳನ್ನು ಎಳೆದು, ಪ್ರತಿ ಹಳಿತುಂಡಿಗೂ ಸಣ್ಣ ವೈರ್ ಬೆಸೆದು ಜೋಡಿಸಬೇಕು. ನಂತರ ಡಿಜಿಟಲ್ ಕಂಟ್ರೋಲರ್ ಚಾಲೂ ಮಾಡಿ, ಅದರಿಂದ ಅತಿ ದೂರದ ಜಾಗದಲ್ಲಿ ಎರಡೂ ಹಳಿಗಳ ಮೇಲೆ ಅಡ್ಡಲಾಗಿ ಐದು ರೂಪಾಯಿ ನಾಣ್ಯವನ್ನಿಟ್ಟು ಬೇಕೆಂದೇ ಶಾರ್ಟ್ ಸರ್ಕ್ಯೂಟ್ ಮಾಡಿ. ಕಂಟ್ರೋಲರ್ ತಕ್ಷಣ ವಿದ್ಯುತ್ ಕಡಿದರೆ ವೈರಿಂಗ್ ಸರಿಯಿದೆ. ಕಡಿಯದೆ ನಾಣ್ಯ ಬಿಸಿಯಾಗತೊಡಗಿದರೆ ಕೂಡಲೇ ಸ್ವಿಚ್ ಆರಿಸಿ, ಆ ಭಾಗದ ಬೆಸುಗೆಗಳನ್ನು ಒಂದೊಂದಾಗಿ ನೋಡಿ. ಇಷ್ಟು ಮಾಡದೆ ರೈಲು ಓಡಿಸಿದರೆ ಹಳಿ ತಪ್ಪಿ ಅಂಥದೇ ಶಾರ್ಟ್ ಆದ ದಿನ ರೈಲು ಡಬ್ಬಿಯ ಪ್ಲಾಸ್ಟಿಕ್ಕೇ ಕರಗಬಹುದು.

ಒಂದೇ ರೈಲು ಓಡಿಸುವವರಿಗೆ ಹಳೆಯ 12 ವೋಲ್ಟ್ ಡಿ.ಸಿ. ಪದ್ಧತಿ ಧಾರಾಳವಾಗಿ ಸಾಕು: ವೋಲ್ಟೇಜ್ ಏರಿಸಿದರೆ ವೇಗ, ಧ್ರುವ ಬದಲಿಸಿದರೆ ದಿಕ್ಕು. ಒಂದೇ ಹಳಿಯಲ್ಲಿ ಹಲವು ಎಂಜಿನ್‌ಗಳನ್ನು ಬೇರೆ ಬೇರೆಯಾಗಿ ನಡೆಸಬೇಕೆಂದರೆ ಡಿ.ಸಿ.ಸಿ. (ಡಿಜಿಟಲ್ ಕಮಾಂಡ್ ಕಂಟ್ರೋಲ್) ಎಂಬ ಡಿಜಿಟಲ್ ಪದ್ಧತಿ ಬೇಕು. ಅದರಲ್ಲಿ ಹಳಿಯ ವೋಲ್ಟೇಜ್ ಬದಲಾಗದು. ಆಜ್ಞೆಗಳು ಅದೇ ವಿದ್ಯುತ್ತಿನಲ್ಲಿ ಸಂಕೇತವಾಗಿ ಹೋಗುತ್ತವೆ, ಎಂಜಿನ್ನಿನೊಳಗಿನ ಡಿಕೋಡರ್ ಎಂಬ ಪುಟ್ಟ ಸರ್ಕ್ಯೂಟ್ ತನ್ನ ವಿಳಾಸಕ್ಕೆ ಬಂದುದನ್ನು ಮಾತ್ರ ಪಾಲಿಸುತ್ತದೆ. ಹೊಸ ಡಿಕೋಡರ್‌ನ ವಿಳಾಸ ಸಾಮಾನ್ಯವಾಗಿ 3 ಆಗಿರುವುದರಿಂದ, ಬದಲಿಸದಿದ್ದರೆ ಎರಡು ಎಂಜಿನ್‌ಗಳು ಒಟ್ಟಿಗೇ ಹೊರಡುತ್ತವೆ.

ಹಳೆಯ ಎಂಜಿನ್ನಿಗೆ ಡಿಕೋಡರ್ ಹಾಕುವ ಮುನ್ನ ಮೋಟಾರಿಗೆ ವಿದ್ಯುತ್ ಮುಟ್ಟಿಸುವ ಎರಡೂ ಬ್ರಷ್‌ಗಳು ಲೋಹದ ಚಾಸಿಯಿಂದಲೂ ಚಕ್ರಗಳಿಂದಲೂ ಪೂರ್ಣ ಬೇರ್ಪಟ್ಟಿವೆಯೇ ಎಂದು ಮಲ್ಟಿಮೀಟರ್‌ನಿಂದ ಪರೀಕ್ಷಿಸಲೇಬೇಕು. ನಾನು ಒಮ್ಮೆ ಅವಸರಪಟ್ಟು ಇದನ್ನು ಬಿಟ್ಟೆ. ಎಂಜಿನ್ ಒಂದು ಗೇಣು ಸಾಗುವಷ್ಟರಲ್ಲಿ ಸಣ್ಣ ಎಳೆಯಷ್ಟು ಹೊಗೆಯೆದ್ದು, ಡಿಕೋಡರ್ ಕರಕಲಾಯಿತು.

ತಾಳಗುಪ್ಪದ ಹಳೆಯ ಮೀಟರ್ ಗೇಜ್ ಮಾರ್ಗವನ್ನು ಕಟ್ಟುವ ಆಸೆಯಿದ್ದರೆ 1:87 ಅಳತೆಯಲ್ಲಿ (ನಿಜದ ರೈಲಿನ 87ನೇ ಒಂದು ಭಾಗ) 12 ಮಿ.ಮೀ. ಅಗಲದ ಹಳಿ ಕೊಳ್ಳಿ. ಅದೇ ಅಳತೆಯ ಸಾಮಾನ್ಯ 16.5 ಮಿ.ಮೀ. ಹಳಿ ನಮ್ಮ ಬ್ರಾಡ್ ಗೇಜ್‌ಗೂ ಹೊಂದದು. ಅದಕ್ಕೆ 19 ಮಿ.ಮೀ.ಗಿಂತ ತುಸು ಹೆಚ್ಚೇ ಬೇಕು.

ಮಳೆಗಾಲದಲ್ಲಿ ಓಡಿಸುವ ಮುನ್ನ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಬಟ್ಟೆಯಿಂದ ಹಳಿಯ ನೆತ್ತಿಯನ್ನೂ ಚಕ್ರಗಳನ್ನೂ ಒರೆಸಿ, ಪೂರ್ತಿ ಆರಿದ ಮೇಲಷ್ಟೇ ವಿದ್ಯುತ್ ಕೊಡಿ. ಮರಳುಕಾಗದ ಬೇಡ, ಅದರ ಗೀರುಗಳಲ್ಲೇ ಮತ್ತೆ ಕೊಳೆ ಕೂರುತ್ತದೆ.